ಸಂಯುಕ್ತ ಸೂಚಿಯಲ್ಲಿ ಲುಪ್ತವಾದ ಪ್ರತಿಗಳು

ಎರಡು ಶಾಸ್ತ್ರಭಂಡಾರಗಳ ಸೂಚಿಗಳನ್ನು ಗಣಕಯಂತ್ರದಲ್ಲಿ ಒಂದುಗೂಡಿಸಿದ ಸಂಯುಕ್ತ ಸೂಚಿಯ ಕರಡೊಂದು ಇತ್ತೀಚೆಗೆ ನಮ್ಮ ಅವಲೋಕನಕ್ಕೆ ಬಂದಿತು. ಸಂಪಾದಕರ ಶ್ರಮ ಶ್ಲಾಘನೀಯವಾದುದು. ಆದರೆ ಮೂಲಸೂಚಿಗಳೊಡನೆ ತಾಳೆ ನೋಡಲಾಗಿ, ಕೆಲವು ಓಲೆಕಟ್ಟುಗಳು ಇದರಲ್ಲಿ ಕಾಣಬರಲಿಲ್ಲ. ಇನ್ನು ಕೆಲವಕ್ಕೆ ಪ್ರಶಸ್ತಿಯ ವಿವರಗಳೇ ಲೋಪಿಸಿವೆ. ಇದು ಲಿಪಿಕಾರದೋಷವಲ್ಲ, ಕ್ರಮದ ದೋಷ.

ಕೋಷ್ಟಕದ ಪ್ರತಿಯೊಂದು ದಾಖಲೆಗೂ 'ಪ್ರೈಮರಿ ಕೀ' ಎಂಬ ಅನನ್ಯವಾದ ಗುರುತು ಇರತಕ್ಕದ್ದು. ಇಲ್ಲಿ ಕಟ್ಟಿನ ಕ್ರಮಸಂಖ್ಯೆಯನ್ನೇ ಗುರುತಾಗಿ ಇಟ್ಟುಕೊಂಡಿದ್ದಾರೆ. ಎರಡು ಭಂಡಾರಗಳಲ್ಲಿಯೂ ಸಂಖ್ಯೆ ಒಂದರಿಂದಲೇ ಆರಂಭವಾಗುವುದಷ್ಟೆ!

ಒಂದು ಕೋಷ್ಟಕದಿಂದ ಇನ್ನೊಂದಕ್ಕೆ ನಕಲಿಸುವಾಗ ಅದೇ ಗುರುತು ಮತ್ತೆ ಬಂದರೆ ಮೈಎಸ್‌ಕ್ಯೂಎಲ್ ಸಹಜವಾಗಿ ಕೆಲಸವನ್ನು ನಿಲ್ಲಿಸಿ ದೋಷವನ್ನು ಸೂಚಿಸುತ್ತದೆ. ಇದು ತೊಡಕೆನಿಸಿ ಸಂಪಾದಕರು 'ಇನ್ಸರ್ಟ್ ಇಗ್ನೋರ್' ಆಜ್ಞೆಯನ್ನು ಬಳಸಿದ್ದಾರೆ. ಅದು ಹಳೆಯದನ್ನು ಉಳಿಸಿ ಹೊಸದನ್ನು ಬಿಟ್ಟುಬಿಡುತ್ತದೆ. ಎಚ್ಚರಿಕೆಗಳ ಪಟ್ಟಿಯನ್ನು ನೋಡದವರಿಗೆ ಬಿಟ್ಟುದೇ ತಿಳಿಯದು. ಮೇಲಾಗಿ, ಅಂಕಣದ ಮಿತಿಯನ್ನು ಮೀರಿದ ಪಾಠವನ್ನು ತುಂಡರಿಸಿ ಸೇರಿಸಿಕೊಳ್ಳುತ್ತದೆ. ಮುಂದೆ ಮೊದಲನೆಯ ಭಂಡಾರದ ಸಂಕ್ಷಿಪ್ತ ಪರಿಷ್ಕೃತ ಪಟ್ಟಿಯನ್ನು ಸೇರಿಸಲು 'ರಿಪ್ಲೇಸ್' ಆಜ್ಞೆಯನ್ನು ಕೊಟ್ಟಿದ್ದಾರೆ. ಇದು ಇನ್ನೂ ಘಾತಕವಾದುದು. ಹಳೆಯ ದಾಖಲೆಯನ್ನು ಪೂರ್ತಿಯಾಗಿ ಅಳಿಸಿ ಹೊಸದನ್ನು ಬರೆಯುವುದರಿಂದ, ಹೊಸ ಪಟ್ಟಿಯಲ್ಲಿಲ್ಲದ ಅಂಕಣಗಳು ಬರಿದಾಗಿವೆ. ಶಾಸ್ತ್ರದಾನ ಮಾಡಿಸಿದ ಶ್ರಾವಕಿಯರ ಹೆಸರು, ಶಕವರ್ಷ, ಲಿಪಿಕಾರರ ಹೆಸರು ಎಲ್ಲವೂ ಹೀಗೆ ಹೋದವು. ಓಲೆಯನ್ನು ಹುಳು ತಿಂದರೆ ರಂಧ್ರವಾದರೂ ಕಾಣುತ್ತದೆ.

ಗ್ರಂಥನಾಮವನ್ನೇ ಗುರುತಾಗಿಸಬಹುದೆಂಬ ಮುನ್ನುಡಿಯ ಸಲಹೆಯನ್ನೂ ಒಪ್ಪಲಾಗದು. ಜಿನಸೇನಾಚಾರ್ಯರ ಸಂಸ್ಕೃತ ಕೃತಿಯೂ ಆದಿಪುರಾಣ, ಪಂಪನ ಕನ್ನಡ ಕೃತಿಯೂ (ಕ್ರಿ.ಶ. 941) ಆದಿಪುರಾಣ. ನೇಮಿಚಂದ್ರ, ಕರ್ಣಪಾರ್ಯರ ನೇಮಿನಾಥಪುರಾಣಗಳಿಗೆ ಭಾಷೆಯೂ ಒಂದೇ. ಕರ್ತೃನಾಮವನ್ನು ಕೂಡಿಸಿದರೆ ಕೃತಿ ಯಾವುದೆಂದು ತಿಳಿದೀತು, ಪ್ರತಿ ಯಾವುದೆಂದು ತಿಳಿಯದು. ಒಂದು ಕೃತಿಗೆ ಹತ್ತು ಪ್ರತಿಗಳಿದ್ದರೆ ಪಾಠಾಂತರವಿಚಾರಕ್ಕೆ ಹತ್ತೂ ಬೇಕಷ್ಟೆ.

ಭಂಡಾರದ ಹೆಸರು, ಕಟ್ಟಿನ ಸಂಖ್ಯೆ, ಕಟ್ಟಿನೊಳಗೆ ಕೃತಿಯ ಸ್ಥಾನ, ಈ ಮೂರೂ ಸೇರಿ ಒಂದು ಗುರುತಾಗಬೇಕಿತ್ತು. ಕೃತಿಗಳ ಕೋಷ್ಟಕ ಬೇರೆಯೇ ಇರಬೇಕಿತ್ತು. ಆಗಲೂ ಎರಡೂ ಕಡೆ ಸಮಾನವಾಗಿ ಬರುವ ಗುರುತುಗಳನ್ನು ನಕಲಿಸುವ ಮೊದಲೇ ಹುಡುಕಿ ಮೂರನೆಯ ಕೋಷ್ಟಕದಲ್ಲಿ ತೆಗೆದಿರಿಸಿ, ಪಂಡಿತರು ಓಲೆಯನ್ನೇ ನೋಡಿ ನಿರ್ಣಯಿಸುವುದು ಉಚಿತ. ದಾಖಲೆಗಳೆರಡೂ ಒಂದೇ ಪ್ರತಿಯವೆಂದು ನಿಶ್ಚಿತವಾದ ಮೇಲೆ, ಬರಿದಾದ ಅಂಕಣಗಳನ್ನು ತುಂಬುವಷ್ಟಕ್ಕೆ ಮಾತ್ರ 'ಆನ್ ಡೂಪ್ಲಿಕೇಟ್ ಕೀ ಅಪ್‌ಡೇಟ್' ಆಜ್ಞೆಯನ್ನು ಬಳಸಬಹುದು.

ಮೂಲಸೂಚಿಗಳೆರಡೂ ಸಂಪಾದಕರ ಬಳಿ ಸುರಕ್ಷಿತವಾಗಿವೆ. ಮುದ್ರಣಕ್ಕೆ ಮುನ್ನ ಅವುಗಳಿಂದ ಸಂಯೋಜನೆಯನ್ನು ಮತ್ತೆ ಮೊದಲಿನಿಂದ ಕೈಕೊಳ್ಳಬೇಕೆಂದು ವಿನಂತಿ.