ಹ್ಯೂಯೆನ್‌ತ್ಸಾಂಗನ ಪ್ರವಾಸಗ್ರಂಥದಲ್ಲಿ ಊಟ, ಉಡಿಗೆ, ಮನೆ: ಒಂದು ವಿಮರ್ಶೆ

ಚೀನದೇಶದ ಬೌದ್ಧ ಯತಿಯಾದ ಹ್ಯೂಯೆನ್‌ತ್ಸಾಂಗನು ಭರತಖಂಡದ ಸಂಚಾರವನ್ನು ಮುಗಿಸಿ ಕ್ರಿ. ಶ. ೬೪೫ರಲ್ಲಿ ಸ್ವದೇಶಕ್ಕೆ ಹಿಂದಿರುಗಿದನು. ತಾಂಗ್ ವಂಶದ ಚಕ್ರವರ್ತಿಯಾದ ತಾಯ್‌ತ್ಸುಂಗನ ಅಪೇಕ್ಷೆಯಂತೆ ಅವನು ಹೇಳಿದುದನ್ನು ಶಿಷ್ಯನಾದ ಪಿಯೆನ್‌ಚಿಯು ಬರೆದು, ೬೪೬ರಲ್ಲಿ ಗ್ರಂಥವು ಸಿದ್ಧವಾಯಿತು. ೧೮೫೭-೫೮ರಲ್ಲಿ ಜೂಲಿಯೆನ್ನನು ಅದನ್ನು ಫ್ರೆಂಚ್ ಭಾಷೆಗೂ, ೧೮೮೪ರಲ್ಲಿ ಬೀಲನು ಇಂಗ್ಲಿಷಿಗೂ ತಂದ ಮೇಲೆ ಇತಿಹಾಸಜ್ಞರಿಗೆ ಅದು ಕೈದೀವಿಗೆಯಾಗಿದೆ. ಕನ್ನಡಿಗರು ಇಮ್ಮಡಿ ಪುಲಕೇಶಿಯ ಪರಾಕ್ರಮಕ್ಕೆ ಸಾಕ್ಷ್ಯವೆಂದು ಅದನ್ನು ಆದರಿಸುತ್ತ ಬಂದಿರುವುದು ವಿದಿತವೇ ಇದೆ. ಆದರೆ ಅದೇ ಗ್ರಂಥದ ಎರಡನೆಯ ಪ್ರಕರಣದ ಒಂದು ಸಣ್ಣ ವಾಕ್ಯವು ಕನ್ನಡನಾಡಿನ ಅಡಿಗೆಮನೆಯ ಚರಿತ್ರೆಯಲ್ಲಿ ದೊಡ್ಡ ತೀರ್ಪನ್ನೇ ಕೊಡಿಸಿದೆ. ಆ ತೀರ್ಪು ಪುನರ್ವಿಚಾರಕ್ಕೆ ಅರ್ಹವಾದುದು.

ಭಾರತೀಯ ಆಹಾರದ ಇತಿಹಾಸವನ್ನು ೧೯೯೪ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದ ಕೆ. ಟಿ. ಆಚಯ ಅವರು ಇಡ್ಲಿಯ ಮೂಲವನ್ನು ವಿಚಾರಿಸಿದ್ದಾರೆ. ಸುಮಾರು ೯೨೦ರ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರುಂಟು. ೧೦೨೫ರ ಸುಮಾರಿನ ಚಾವುಂಡರಾಯನ ಲೋಕೋಪಕಾರದಲ್ಲಿ ಅದರ ಪಾಕವುಂಟು. ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಇಡ್ಡರಿಕೆಯುಂಟು. ಅಕ್ಕಿಯ ಬೆರಕೆ, ಹಿಟ್ಟನ್ನು ಹುದುಗಿಸುವುದು, ಹಬೆಯಲ್ಲಿ ಬೇಯಿಸುವುದು, ಈ ಮೂರೂ ಈ ಪ್ರಾಚೀನ ಉಲ್ಲೇಖಗಳಲ್ಲಿ ಕಾಣುವುದಿಲ್ಲವೆಂದು ಅವರು ಹೇಳಿರುತ್ತಾರೆ. ಅಷ್ಟು ಭಾಗವು ಗ್ರಂಥಾಧಾರವುಳ್ಳದ್ದು, ಆದರಣೀಯವಾದದ್ದು. ಬಳಿಕ, ಹಬೆಯ ಪಾತ್ರೆಯು ಭಾರತದಲ್ಲಿರಲಿಲ್ಲವೆಂಬ ಹ್ಯೂಯೆನ್‌ತ್ಸಾಂಗನ ಮಾತನ್ನು ಮುಂದಿಟ್ಟು, ಈ ವಿದ್ಯೆಯು ಇಂಡೋನೇಷ್ಯದ ದ್ವೀಪಗಳಿಂದ ಹಿಂದೂ ರಾಜರ ಅಡಿಗೆಯವರ ಮೂಲಕ ಬಂದಿರಬಹುದೆಂದು ಊಹಿಸಿದ್ದಾರೆ. ಅವರು ಊಹೆಯೆಂದು ಹೇಳಿದುದನ್ನು ಹಿಂದಿನಿಂದ ಬಂದವರು ಸಿದ್ಧಾಂತವೆಂದೇ ಹೇಳತೊಡಗಿರುವರು. ಯಾತ್ರಿಕನ ವಾಕ್ಯವು ಅಷ್ಟು ಭಾರವನ್ನು ಹೊರಬಲ್ಲುದೆ?

ವಾಕ್ಯದ ಅರ್ಥವನ್ನು ಹಿಡಿಯುವುದಕ್ಕೆ ಅವನ ಹುಟ್ಟುನಾಡಿನ ಒಲೆಯ ಮುಂದೆ ಮೊದಲು ನಿಲ್ಲಬೇಕು. ಉತ್ತರ ಚೀನದ ಪ್ರಾಚೀನ ಮುಖ್ಯ ಧಾನ್ಯವು ನವಣೆ. ಅಲ್ಲಿಯವರು ಧಾನ್ಯವನ್ನು ತ್ಸೆಂಗ್ ಎಂಬ ಪಾತ್ರೆಯಲ್ಲಿಟ್ಟು ಹಬೆಯಿಂದ ಅನ್ನಮಾಡುತ್ತಿದ್ದರು. ತಳದಲ್ಲಿ ರಂಧ್ರಗಳುಳ್ಳ ಈ ಪಾತ್ರೆಯನ್ನು ನೀರು ಕುದಿಯುವ ಇನ್ನೊಂದು ಪಾತ್ರೆಯ ಮೇಲೆ ಕೂರಿಸುವರು. ಶಿಲಾಯುಗದ ನೆಲೆಗಳಲ್ಲಿಯೇ ಅದರ ಮಣ್ಣಿನ ರೂಪವು ದೊರೆತಿದೆ. ಷಾಂಗ್ ಅರಸರ ಕಾಲದಲ್ಲಿ ಎರಡು ಪಾತ್ರೆಗಳನ್ನೂ ಕೂಡಿಸಿದ ಕಂಚಿನ ರೂಪವು ಪಿತೃಪೂಜೆಯ ಉಪಕರಣಗಳಲ್ಲಿ ಒಂದಾಗಿದ್ದಿತು. ಇಂಥ ನಾಡಿನವನು ಭರತಖಂಡದ ಅಡಿಗೆಮನೆಯನ್ನು ಕಂಡು, ಇಲ್ಲಿ ಕಡಾಯಿ ಮಡಕೆಗಳುಂಟು, ತ್ಸೆಂಗನ್ನು ಅರಿಯರು ಎಂದು ಬರೆಯಿಸಿದನು. ಇಲ್ಲಿಯವರು ಅನ್ನವನ್ನು ನೀರಿನಲ್ಲಿಯೇ ಬೇಯಿಸುತ್ತಾರೆಂಬುದು ಅದರ ತಾತ್ಪರ್ಯ. ಒಂದು ಜಾತಿಯ ಪಾತ್ರೆಯ ಅಭಾವವನ್ನು ಹೇಳಿದ ಮಾತಿನಿಂದ ಒಂದು ಕ್ರಿಯೆಯ ಅಭಾವವನ್ನು ಸಾಧಿಸುವುದು ಅತಿವ್ಯಾಪ್ತಿಯಾಗುವುದು.

ರಾಯಚೂರು ಸೀಮೆಯ ಕಲ್ಮಲ, ದೇವದುರ್ಗ, ಮಾನ್ವಿಗಳ ಕಡೆ ನಾಗಪಂಚಮಿಗೆ ಒಲೆಯ ಮೇಲೆ ಹಂಚಿಡಬಾರದೆಂಬ ನಿಯಮವುಂಟು. ಆಗ ಕುದಿಸಿದ ಕಡುಬಿಗೆ ಪ್ರಾಶಸ್ತ್ಯ. ನೀರು ಕುದಿಯುವ ಪಾತ್ರೆಯ ಬಾಯಿಗೆ ಅರಿವೆಯನ್ನು ಬಿಗಿದು, ಅದರ ಮೇಲೆ ಕಡುಬನ್ನಿಟ್ಟು ಮುಚ್ಚಿದರೆ ಹಬೆಯ ಅಡಿಗೆಯಾಯಿತು. ಕೆಲಸ ಮುಗಿದೊಡನೆ ಪಾತ್ರೆಯು ನೀರಿನ ಪಾತ್ರೆಯಾಗಿಯೂ ಅರಿವೆಯು ಅರಿವೆಯಾಗಿಯೂ ಉಳಿಯುವುವು. ಮರುದಿನ ಆ ಮನೆಗೆ ಬಂದ ಪರದೇಶೀಯನು ಹಬೆಯ ಪಾತ್ರೆಯೆಲ್ಲಿ ಎಂದು ಹುಡುಕಿದರೆ ಏನೂ ಕಾಣಲಾರನು. ಇದರಿಂದ ಏಳನೆಯ ಶತಮಾನದಲ್ಲಿಯೂ ಹೀಗೆಯೇ ಇದ್ದಿತೆಂದು ಸಾಧಿಸಿದಂತಾಗಲಿಲ್ಲ. ಆದರೆ ಪಾತ್ರೆಯಿಲ್ಲದೆಯೂ ಕ್ರಿಯೆಯಿರಬಹುದೆಂಬುದು ನಿಶ್ಚಿತ. ಚರಕಸಂಹಿತೆಯ ಸ್ವೇದಾಧ್ಯಾಯದಲ್ಲಿ ನಾಡೀಸ್ವೇದವೆಂದು ನಳಿಗೆಯ ಮೂಲಕ ಹಬೆಯನ್ನು ರೋಗಿಯ ಮೈಗೆ ಹಾಯಿಸುವ ವಿಧಾನವುಂಟು. ವೈದ್ಯನಿಗೆ ತಿಳಿದುದು ಅಡಿಗೆಯವನಿಗೂ ತಿಳಿದಿರಲೇಬೇಕೆಂಬ ನಿಯಮವಿಲ್ಲವಾದರೂ, ಹಬೆಯ ಶಕ್ತಿಯನ್ನೇ ಅರಿಯದ ದೇಶವಿದೆಂಬ ಭಾವನೆಗೆ ಅಲ್ಲಿ ಬಾಧೆಯುಂಟಾಗುವುದು.

ಯಾತ್ರಿಕನ ಉಳಿದ ನಿಷೇಧವಾಕ್ಯಗಳನ್ನೂ ಪರೀಕ್ಷಿಸಿದರೆ ಅವನ ರೀತಿಯು ಇನ್ನೂ ಸ್ಪಷ್ಟವಾಗುವುದು. ಇಲ್ಲಿಯವರ ಉಡಿಗೆಗೆ ಕತ್ತರಿಸಿ ಹೊಲಿಯುವುದಿಲ್ಲ, ಬಿಳುಪಿಗೇ ಮನ್ನಣೆ, ಗಂಡಸರು ಸೊಂಟಕ್ಕೆ ಬಟ್ಟೆಯನ್ನು ಸುತ್ತಿ ಬಲ ಹೆಗಲನ್ನು ಬರಿದಾಗಿ ಬಿಡುವರು ಎಂದು ಹೇಳಿದ್ದಾನೆ. ಮೊದಲನೆಯ ಮಾತನ್ನು ಅಕ್ಷರಶಃ ಹಿಡಿದರೆ ಅಮರಸಿಂಹನ ಗತಿಯೇನು? ಅವನ ಕೋಶದಲ್ಲಿ ಕೂರ್ಪಾಸಕವೆಂಬ ರವಿಕೆಯುಂಟು. ತುನ್ನವಾಯ, ಸೌಚಿಕ ಎಂದು ಸಿಂಪಿಗನಿಗೆ ಎರಡು ಹೆಸರುಗಳುಂಟು. ಅಜಂತೆಯ ಭಿತ್ತಿಚಿತ್ರಗಳಲ್ಲಿ ಹೊಲಿದ ಅಂಗಿಯನ್ನು ತೊಟ್ಟವರು ಕಣ್ಣೆದುರಿಗೇ ಇದ್ದಾರೆ. ಅಷ್ಟೇಕೆ, ಉತ್ತರದ ಶೀತಪ್ರದೇಶದವರು ಮೈಗಂಟುವ ಕುಪ್ಪಸವನ್ನು ತೊಡುವರೆಂದು ಯಾತ್ರಿಕನೇ ಮುಂದೆ ಹೇಳುತ್ತಾನೆ. ಹಾಗಾದರೆ ಅವನು ಸುಳ್ಳಾಡಿದನೆ? ಇಲ್ಲ. ಚೀನದಲ್ಲಿ ಉಡಿಗೆಯೆಂದರೆ ಕತ್ತರಿಸಿ ಹೊಲಿದ ನಿಲುವಂಗಿ. ಎಡದ ಸೆರಗು ಬಲಕ್ಕೆ ಮಡಿಸಿ ಮುಚ್ಚಬೇಕು. ಬಲದ ಸೆರಗನ್ನು ಎಡಕ್ಕೆ ಮುಚ್ಚುವವನು ಮ್ಲೇಚ್ಛನೆಂಬ ಎಣಿಕೆ ಕನ್‌ಫ್ಯೂಶಿಯಸನ ಕಾಲಕ್ಕೇ ಇದ್ದಿತು. ಲೀ ಚಿ ಎಂಬ ಆಚಾರಗ್ರಂಥವು ಅಂಗಿಯ ಕೆಳಭಾಗಕ್ಕೆ ಹನ್ನೆರಡು ತುಂಡುಗಳನ್ನು ವಿಧಿಸಿ, ಅವು ಹನ್ನೆರಡು ತಿಂಗಳುಗಳಿಗೆ ಸಂವಾದಿಯೆಂದು ಹೇಳುತ್ತದೆ. ಶ್ವೇತವಸ್ತ್ರವೋ ಅಲ್ಲಿ ಶೋಕದ ಗುರುತು. ಹೊಲಿಗೆಯಲ್ಲಿ ಸಂವತ್ಸರವನ್ನೇ ಕಂಡವರಿಗೆ ಹೊಲಿಯದ ಬಿಳಿಯ ಧೋತ್ರವು ವಿಚಿತ್ರವಾಗಿ ತೋರಿದ್ದು ಸಹಜವೇ. ಉಣ್ಣುವಾಗ ಇಲ್ಲಿಯವರಿಗೆ ಚಮಚವೂ ಇಲ್ಲ, ಕಡ್ಡಿಗಳೂ ಇಲ್ಲ, ರೋಗಿಗಳು ಮಾತ್ರ ತಾಮ್ರದ ಚಮಚವನ್ನು ಬಳಸುವರು ಎಂಬ ವಾಕ್ಯದ ಹಿಂದೆಯೂ ಚಾಂಗ್‌ಆನ್ ನಗರದ ಪಂಕ್ತಿಯೇ ಕುಳಿತಿದೆ.

ಮನೆಗಳ ವಿಷಯದಲ್ಲಿ ಅವನು ನಂಬತಕ್ಕ ಸಾಕ್ಷಿ; ಅಲ್ಲಿ ಅವನು ಇದ್ದುದನ್ನೇ ಹೇಳಿದ್ದಾನೆ. ಮರದ ಚಪ್ಪಟೆಯ ಮಾಳಿಗೆ, ಗಾರೆಯ ಗೋಡೆ, ಸೆಗಣಿಯಿಂದ ಸಾರಿಸಿದ ನೆಲ, ಅದರ ಮೇಲೆ ಎರಚಿದ ಹೂವು, ಪೂರ್ವಕ್ಕೆ ತೆರೆಯುವ ಬಾಗಿಲು. ಕೃಷ್ಣೆ ತುಂಗಭದ್ರೆಗಳ ನಡುವಣ ನಾಡಿನಲ್ಲಿ ತೊಲೆ ಜಂತಿಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆಮನೆಯನ್ನು ಬಲ್ಲವರಿಗೆ ಈ ವರ್ಣನೆಯಲ್ಲಿ ಹೊಸತೇನೂ ಇಲ್ಲ. ಪೂರ್ವದ ಬಾಗಿಲನ್ನು ಅವನು ಹೆಸರಿಸಿ ಹೇಳಿದ್ದೇಕೆಂದರೆ, ಅವನ ದೇಶದಲ್ಲಿ ಅರಮನೆಯೂ ಅರಸನೂ ದಕ್ಷಿಣಾಭಿಮುಖ. ಚೀನದ ಶಾಲೆಯಲ್ಲಿ ಗೋಡೆಯು ಭಾರವನ್ನು ಹೊರುವುದಿಲ್ಲ. ಎತ್ತರದ ಜಗತಿಯ ಮೇಲೆ ನಿಂತ ಮರದ ಕಂಬಗಳೂ, ಅವುಗಳ ತಲೆಯ ಮೇಲೆ ಒಂದರ ಮೇಲೊಂದು ಚಾಚಿದ ತೌಕುಂಗ್ ಎಂಬ ಬೋದಿಗೆಗಳೂ ಬಾಗಿದ ಹೆಂಚಿನ ಛಾವಣಿಯನ್ನು ಹೊರುವುವು. ವೂತಾಯ್ ಪರ್ವತದಲ್ಲಿ ೮೫೭ರ ಅಂಥ ಬೌದ್ಧಶಾಲೆಯೊಂದು ನಿಂತಿದೆ. ಲೀ ಚಿಯೆ ಎಂಬ ಅಧಿಕಾರಿಯ ಶಿಲ್ಪಗ್ರಂಥವು ೧೧೦೩ರಲ್ಲಿ ಅಚ್ಚಾಯಿತು; ಮರದ ತುಂಡಿನ ಎಂಟು ಪ್ರಮಾಣಗಳಿಂದ ಇಡೀ ಕಟ್ಟಡದ ಅಳತೆಯನ್ನು ಅದು ಕಟ್ಟಿಕೊಡುವುದು. ಆಗ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದನು. ಅವನ ಶಿಲ್ಪಿಗಳು ಕಲ್ಲಿನ ಕಂಬಗಳನ್ನು ತಿರುಗಣೆಗೆ ಕೊಟ್ಟು ನುಣುಪುಗೊಳಿಸುತ್ತಿದ್ದರು.

ಇನ್ನೊಂದು ಸಂಗತಿಯನ್ನು ಯಾರೂ ಸಾಕಷ್ಟು ಗಮನಿಸಿದಂತಿಲ್ಲ. ಊಟ ಉಡಿಗೆಗಳ ಈ ಮಾತುಗಳೆಲ್ಲ ಎರಡನೆಯ ಪ್ರಕರಣದ ಸಾಮಾನ್ಯ ವರ್ಣನೆಯಲ್ಲಿವೆ. ಒಂದು ನಾಡನ್ನು ಹೆಸರಿಸಿ ಆಡಿದವಲ್ಲ. ದಕ್ಷಿಣದ ಸಂಚಾರವು ಬರುವುದು ಬಹಳ ಮುಂದೆ. ಅಲ್ಲಿ ಕೊಂಕಣಪುರವೆಂಬ ರಾಜ್ಯವನ್ನು ವರ್ಣಿಸಿದ್ದಾನೆ; ಸೇಂಟ್ ಮಾರ್ಟಿನ್ನನು ಅದನ್ನು ಬನವಾಸಿಯೆಂದೂ, ಕನ್ನಿಂಗ್‌ಹ್ಯಾಮನು ಆನೆಗೊಂದಿಯೆಂದೂ ಗುರುತಿಸಿದರು. ಜನರ ಮೈಬಣ್ಣ, ವಿದ್ಯಾಪ್ರೀತಿ, ವಿಹಾರಗಳು, ಬರೆಯುವುದಕ್ಕೆ ಬಳಸುವ ತಾಳೆಯ ಎಲೆಗಳ ವನ, ಇಷ್ಟನ್ನು ಹೇಳಿ ಮುಂದಕ್ಕೆ ನಡೆದಿದ್ದಾನೆ. ಅಡಿಗೆಮನೆಯ ಸುದ್ದಿಯೇ ಇಲ್ಲ. ಕನ್ನಡನಾಡಿನ ಒಲೆಯ ಬಗ್ಗೆ ಅವನನ್ನು ಸಾಕ್ಷಿಯಾಗಿ ಕರೆಯುವವರು, ಆಡದ ಮಾತನ್ನು ಅವನ ಬಾಯಲ್ಲಿ ಇಡುತ್ತಿದ್ದಾರೆ.

ಇಷ್ಟರಿಂದ ವಡ್ಡಾರಾಧನೆಯ ಇಡ್ಡಲಿಗೆಯು ಹಬೆಯಲ್ಲಿ ಬೆಂದುದೆಂದು ಯಾರೂ ಹಿಗ್ಗಬೇಕಾಗಿಲ್ಲ. ದೇಶಾಭಿಮಾನವು ಪ್ರಮಾಣವಲ್ಲ. ದ್ವೀಪಾಂತರದ ಊಹೆಯೂ ನಿಜವಾಗಿರಬಹುದು. ಆದರೆ ಅದಕ್ಕೆ ಬೇರೆ ಆಧಾರವು ಬೇಕು. ಚೀನೀಯ ಯತಿಯನ್ನು ಈ ವ್ಯಾಜ್ಯದಿಂದ ಬಿಡುಗಡೆಮಾಡಿ, ಲೋಕೋಪಕಾರದಿಂದ ಮೂರನೆಯ ಮಂಗರಸನ ಸೂಪಶಾಸ್ತ್ರದವರೆಗಿನ ಪಾಕಗಳಲ್ಲಿ ಬೇಯಿಸುವ ಕ್ರಿಯಾಪದಗಳನ್ನು ಒಂದೊಂದಾಗಿ ತೆಗೆದು, ಹಸ್ತಪ್ರತಿಗಳ ಪಾಠಾಂತರಗಳೊಡನೆ ಹೋಲಿಸುವ ಕೆಲಸವು ಆಗಬೇಕಾಗಿದೆ.