ಕರುಳಿನ ಕಥೆಗೆ ಕೊನೆಯೆಲ್ಲಿ?

ಸಾಹಿತ್ಯದಲ್ಲಿ ರೋಗಗಳಿಗೂ ಪಂಕ್ತಿಭೇದವುಂಟು. ಕ್ಷಯಕ್ಕೆ ಯಾವಾಗಲೂ ಮೊದಲ ಪಂಕ್ತಿ. ಕೀಟ್ಸ್ ಕವಿ ೧೮೨೧ರಲ್ಲಿ ಆ ರೋಗದಿಂದ ತೀರಿಕೊಂಡ. ೧೮೪೮ರಲ್ಲಿ ಬಂದ ಕಿರಿಯ ಡ್ಯೂಮಾನ ಕಾದಂಬರಿಯ ನಾಯಕಿ ಮಾರ್ಗರೀತ್ ಅದರಿಂದಲೇ ಸೊರಗಿ ಸತ್ತು, ತಲೆಮಾರುಗಳ ವಾಚಕರನ್ನು ಅಳಿಸಿದಳು. ಥಾಮಸ್ ಮನ್ ೧೯೨೪ರಲ್ಲಿ ಪ್ರಕಟಿಸಿದ ‘ದಿ ಮ್ಯಾಜಿಕ್ ಮೌಂಟನ್’ ಎಂಬ ಮಹಾಕಾದಂಬರಿಗೆ ಕ್ಷಯರೋಗಿಗಳ ಚಿಕಿತ್ಸಾಲಯವನ್ನೇ ರಂಗಸ್ಥಳ ಮಾಡಿಕೊಂಡ. ಹೃದಯದ ಬೇನೆಗೂ ಬುದ್ಧಿಭ್ರಮಣೆಗೂ ಕಾದಂಬರಿಯಲ್ಲಿ ಗೌರವದ ಮಣೆಯಿದೆ. ಕರುಳಿನ ಬೇನೆಗೆ ಮಾತ್ರ ಎಲೆ ಹಾಕಿದವರು ತೀರ ವಿರಳ.

ಇಲ್ಲಿ ಕರುಳಿನ ಬೇನೆ ಎಂದದ್ದು ಎರಡು ದಿನ ಮಜ್ಜಿಗೆ ಅನ್ನ ಉಂಡರೆ ಇಳಿಯುವ ಹೊಟ್ಟೆನೋವನ್ನಲ್ಲ. ವೈದ್ಯರು ಕ್ರೋನ್ಸ್ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್ ಎಂದು ಕರೆಯುವ, ಸಾಮಾನ್ಯವಾಗಿ ಹರೆಯದಲ್ಲಿ ಕಾಣಿಸಿಕೊಂಡು ಬಾಳಿನುದ್ದಕ್ಕೂ ಜೊತೆಗಿರುವ ಉರಿಯೂತದ ರೋಗಗಳನ್ನು. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ದಿಕ್ಕು ತಪ್ಪಿ ಕರುಳಿನ ಮೇಲೆ ತಿರುಗಿಬೀಳುವುದು ಇವುಗಳ ರೀತಿ. ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಎಂಬ ಮೂವರು ೧೪ ರೋಗಿಗಳನ್ನು ಕುರಿತು ೧೯೩೨ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಮೊದಲನೆಯದಕ್ಕೆ ಹೆಸರು ಬಂತು. ಅಕ್ಷರಾನುಕ್ರಮದಲ್ಲಿ ಮೊದಲು ನಿಂತ ಹೆಸರು ರೋಗಕ್ಕೂ ಅಂಟಿತು. ೧೯೫೬ರ ಜೂನ್ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಇದೇ ರೋಗದ ದೆಸೆಯಿಂದ ಶಸ್ತ್ರಚಿಕಿತ್ಸೆಯಾಯಿತು. ಅವರ ಕರುಳಿನ ವಿಚಾರವನ್ನು ಪತ್ರಿಕೆಗಳು ವಿವರವಾಗಿಯೇ ಬರೆದುವು. ನವೆಂಬರಿನಲ್ಲಿ ಅವರು ಮತ್ತೆ ಆರಿಸಿಯೂ ಬಂದರು. ಸುದ್ದಿಯಾಗಬಲ್ಲ ಕರುಳು ಕಥೆಯಾಗಲು ಮಾತ್ರ ಬಹುಕಾಲ ಕಾಯಬೇಕಾಯಿತು.

ಇದಕ್ಕೆ ನಾಚಿಕೆಯೇ ಕಾರಣವೆಂಬುದು ಥಟ್ಟನೆ ಹೊಳೆಯುವ ಉತ್ತರ. ಕೆಮ್ಮಿದಾಗ ಕರವಸ್ತ್ರದ ಮೇಲೆ ಬಿದ್ದ ರಕ್ತವನ್ನು ಕವಿ ವರ್ಣಿಸಬಹುದು. ಬಹಿರ್ದೆಸೆಯಲ್ಲಿ ಕಂಡ ರಕ್ತವನ್ನು ಹೆತ್ತ ತಾಯಿಗೂ ಹೇಳಲು ಸಂಕೋಚ. ಆದರೆ ಇದಕ್ಕಿಂತ ಆಳವಾದ ಕಾರಣವೊಂದಿದೆ. ಕಥೆಗೆ ಕೊನೆ ಬೇಕು. ಮಾರ್ಗರೀತ್ ಸಾಯುತ್ತಾಳೆ, ತೆರೆ ಬೀಳುತ್ತದೆ. ಬೇರೆ ಕಥೆಯಲ್ಲಿ ರೋಗಿ ಗುಣವಾಗಿ ಎದ್ದು ಕೂರುತ್ತಾನೆ, ಆಗಲೂ ತೆರೆ ಬೀಳುತ್ತದೆ. ಕ್ರೋನ್ಸ್ ರೋಗಿಗೆ ಸಾಮಾನ್ಯವಾಗಿ ಈ ಎರಡೂ ಇಲ್ಲ. ರೋಗ ಕೆಲವು ತಿಂಗಳು ಕೆರಳುತ್ತದೆ, ಕೆಲವು ವರ್ಷ ಅಡಗುತ್ತದೆ, ಮತ್ತೆ ಕೆರಳುತ್ತದೆ. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದರೂ ಮತ್ತೊಂದು ಕಡೆ ತಲೆಯೆತ್ತಬಹುದು. ೧೯೯೮ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇನ್‌ಫ್ಲಿಕ್ಸಿಮ್ಯಾಬ್ ಮೊದಲಾಗಿ ಬಂದ ಹೊಸ ಔಷಧಗಳು ಎಷ್ಟೋ ಜನರ ಬಾಳನ್ನು ಹಸನು ಮಾಡಿದುವು. ಆದರೆ ಅವು ರೋಗವನ್ನು ಹದ್ದಿನಲ್ಲಿಡುತ್ತವೆಯೇ ವಿನಾ ಬೇರುಸಹಿತ ಕೀಳುವುದಿಲ್ಲ.

ಕೊನೆಯಿಲ್ಲದ ಇಂಥ ರೋಗವನ್ನು ಬರೆಯುವುದು ಹೇಗೆ? ಅಮೆರಿಕದ ಪತ್ರಕರ್ತೆ ಟೆಸ್ಸಾ ಮಿಲ್ಲರ್ ೨೦೨೧ರಲ್ಲಿ ಪ್ರಕಟಿಸಿದ ‘ವಾಟ್ ಡಸಂಟ್ ಕಿಲ್ ಯೂ’ ಎಂಬ ಪುಸ್ತಕ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದೆ. ಇಪ್ಪತ್ತರ ಹರೆಯದಲ್ಲಿ, ನ್ಯೂಯಾರ್ಕಿನಲ್ಲಿ ಬದುಕು ಕಟ್ಟಿಕೊಳ್ಳುತ್ತಿದ್ದಾಗ, ಲೇಖಕಿಗೆ ಕ್ರೋನ್ಸ್ ಕಾಯಿಲೆಯೆಂದು ತಿಳಿಯಿತು. ಹೆಸರೇ ಪುಸ್ತಕದ ನಿಲುವನ್ನು ಸೂಚಿಸುತ್ತದೆ. ಕೊಲ್ಲದ ಕಷ್ಟ ಮನುಷ್ಯನನ್ನು ಬಲಪಡಿಸುತ್ತದೆ ಎಂಬ ಅರ್ಥದ ನೀಚೆಯ ಮಾತನ್ನು ಪಶ್ಚಿಮದವರು ಗಾದೆಯಂತೆ ಬಳಸುತ್ತಾರೆ. ಲೇಖಕಿ ಅದರ ಮೊದಲರ್ಧವನ್ನು ಮಾತ್ರ ಇಟ್ಟುಕೊಂಡಿದ್ದಾರೆ. ಕೊಲ್ಲಲಿಲ್ಲ, ಸರಿ, ಬಲ ಬಂತು ಎಂದು ಯಾರು ಹೇಳಿದರು?

ಕೆನಡಾದ ಸಮಾಜಶಾಸ್ತ್ರಜ್ಞ ಆರ್ಥರ್ ಫ್ರಾಂಕ್ ೧೯೯೫ರ ತಮ್ಮ ‘ದಿ ವೂಂಡೆಡ್ ಸ್ಟೋರಿಟೆಲ್ಲರ್’ ಗ್ರಂಥದಲ್ಲಿ ರೋಗಿಗಳು ಹೇಳುವ ಕಥೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. ಗುಣವಾಗಿ ಮೊದಲಿನಂತಾದ ಕಥೆ ಒಂದು. ಎಲ್ಲವೂ ಕುಸಿದು ಹೇಳಲು ಮಾತೇ ಸಿಕ್ಕದ ಕಥೆ ಎರಡು. ರೋಗವನ್ನೇ ದಾರಿಯಾಗಿ ಮಾಡಿಕೊಂಡು ಏನನ್ನೋ ಅರಸುವ ಕಥೆ ಮೂರು. ರೋಗ ಅಡಗಿದ್ದರೂ ಅಳಿದಿಲ್ಲವೆಂದು ಬಲ್ಲ ಜನ ನಮ್ಮ ನಡುವೆಯೇ ಒಂದು ಕಾಣದ ಸಮಾಜವಾಗಿದ್ದಾರೆ ಎಂದೂ ಅವರು ತೋರಿಸಿದರು. ಮಿಲ್ಲರ್ ಆ ಸಮಾಜದ ಪ್ರಜೆ. ಕಳೆದುಹೋದ ಆರೋಗ್ಯವಂತೆಯನ್ನು, ಎಂದರೆ ತನ್ನನ್ನೇ, ಸತ್ತವರನ್ನು ನೆನೆದಂತೆ ನೆನೆದು ದುಃಖಿಸುವ ಹಕ್ಕು ರೋಗಿಗಿದೆ ಎಂದು ವಾದಿಸುವಲ್ಲಿ ಅವರ ಬರವಣಿಗೆ ಅತ್ಯಂತ ಸತ್ಯವಾಗಿದೆ. ಉದ್ಯೋಗ, ಸ್ನೇಹ, ಪ್ರೇಮ, ಹಣ ಇವೆಲ್ಲವನ್ನೂ ಕರುಳು ಹೇಗೆ ಆಳುತ್ತದೆಂಬುದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಪುಸ್ತಕದ ಕೊರತೆಯೂ ಇಲ್ಲಿಯೇ ಇದೆ. ಆತ್ಮಕಥನ ತೀವ್ರವಾಗುತ್ತಿದ್ದಂತೆಯೇ ಅದು ಕೈಪಿಡಿಯಾಗಿಬಿಡುತ್ತದೆ. ವೈದ್ಯರನ್ನು ಹೇಗೆ ಆರಿಸಬೇಕು, ಏನೇನು ಕೇಳಬೇಕು ಎಂಬ ಬುದ್ಧಿವಾದ ಬಂದೊಡನೆ ಮಾತಿನ ಬಿಸಿ ಆರುತ್ತದೆ. ಹೊಸದಾಗಿ ರೋಗದ ಹೆಸರು ಕೇಳಿ ದಿಕ್ಕೆಟ್ಟವರಿಗೆ ಈ ಪುಟಗಳಿಂದ ಉಪಕಾರವಾಗುವುದರಲ್ಲಿ ಸಂದೇಹವಿಲ್ಲ. ಆದರೂ ಕೊನೆಯಿಲ್ಲದ ಕಥೆಯ ಭಾರವನ್ನು ತಡೆಯಲಾರದೆ ಲೇಖಕಿ ಸಲಹೆಯ ಊರುಗೋಲು ಹಿಡಿದರೆಂದು ವಿಮರ್ಶಕನಿಗೆ ತೋರುತ್ತದೆ. ಮುಗಿಯದ್ದನ್ನು ಮುಗಿಯದ್ದಾಗಿಯೇ ಬಿಡುವ ಧೈರ್ಯ ಇನ್ನಷ್ಟು ಬೇಕಾಗಿತ್ತು.

ನಮ್ಮ ದೇಶದಲ್ಲಿ ಈ ಕಥೆಗೆ ಇನ್ನೊಂದು ತೊಡಕಿದೆ. ಕರುಳಿಗೆ ತಗಲುವ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ನೋಡಲು ಒಂದೇ ಬಗೆ. ಎರಡೂ ಹೆಚ್ಚಾಗಿ ಸಣ್ಣಕರುಳು ದೊಡ್ಡಕರುಳನ್ನು ಸೇರುವ ಎಡೆಯಲ್ಲೇ ಮನೆ ಮಾಡುತ್ತವೆ. ಕ್ಷಯ ಹೆಚ್ಚಾಗಿರುವ ಭಾರತದಲ್ಲಿ, ಸಂದೇಹ ತೀರದಿದ್ದಾಗ ಮೊದಲು ಕ್ಷಯದ ಔಷಧವನ್ನೇ ಕೆಲವು ತಿಂಗಳು ಕೊಟ್ಟು ನೋಡುವುದುಂಟು. ಮೊದಲ ಪಂಕ್ತಿಯ ರೋಗದ ಹೆಸರು ಹೊತ್ತು, ತನ್ನ ಹೆಸರಿಗಾಗಿ ಕಾಯಬೇಕಾದ ರೋಗಿಯ ಆ ತಿಂಗಳುಗಳಲ್ಲಿ ಒಂದು ಕಾದಂಬರಿಗೆ ಸಾಕಾಗುವಷ್ಟು ವಸ್ತುವಿದೆ.

ವರ್ಜೀನಿಯಾ ವುಲ್ಫ್ ೧೯೨೬ರ ‘ಆನ್ ಬೀಯಿಂಗ್ ಇಲ್’ ಪ್ರಬಂಧದಲ್ಲಿ, ಬೇನೆಯನ್ನು ಹೇಳಲು ಇಂಗ್ಲಿಷಿನಲ್ಲಿ ಮಾತುಗಳೇ ಬಡವಾಗಿವೆ ಎಂದು ದೂರಿದ್ದರು. ಕನ್ನಡದ ಕಷ್ಟ ಬೇರೆ. ನಮ್ಮಲ್ಲಿ ಕರುಳಿನ ಮಾತು ಬೇಕಾದಷ್ಟಿದೆ. ಮಕ್ಕಳು ಕರುಳಿನ ಕುಡಿಗಳು, ನಂಟು ಕರುಳಿನ ಬಳ್ಳಿ; ಪರರ ನೋವಿಗೆ ನಮ್ಮ ಕರುಳು ಚುರುಕ್ಕೆನ್ನುತ್ತದೆ, ಹಿಂಡುತ್ತದೆ, ಕಿತ್ತು ಬರುತ್ತದೆ. ಆದರೆ ಇವೆಲ್ಲ ಇನ್ನೊಬ್ಬರಿಗಾಗಿ ಮರುಗುವ ಕರುಳಿನ ಮಾತುಗಳು. ತಾನೇ ಬೆಂದ ಕರುಳಿಗೆ ಸಾಹಿತ್ಯದಲ್ಲಿ ಮಾತು ಸವೆದಿಲ್ಲ. ಕರುಳು ಉರಿಯುತ್ತಿದೆ ಎಂದು ರೋಗಿ ಹೇಳಿದರೆ, ಕೇಳಿದವರು ಯಾರ ಮೇಲಿನ ಸಂಕಟವೆಂದು ಕೇಳಿಯಾರು! ಹೀಗೆ ಮಾತಿದ್ದೂ ಮೂಕನಾದವನು ವೈದ್ಯನ ಬಳಿಗೂ ತಡವಾಗಿ ಹೋಗುತ್ತಾನೆ. ಮದುವೆಯ ಮಾತು ಬಂದಾಗ ಮನೆಯವರು ರೋಗವನ್ನು ಮುಚ್ಚಿಡುತ್ತಾರೆ. ಆಮೇಲಿನ ಕೇಡು ಮುಚ್ಚಿಟ್ಟದ್ದಕ್ಕಿಂತ ದೊಡ್ಡದಾಗುತ್ತದೆ.

ಕನ್ನಡ ಕಾದಂಬರಿಗೆ ಇಂಥ ಕೆಲಸ ಹೊಸದಲ್ಲ. ‘ಶರಪಂಜರ’ದಲ್ಲಿ ತ್ರಿವೇಣಿಯವರು ಮಾನಸಿಕ ರೋಗದಿಂದ ಗುಣಹೊಂದಿ ಮನೆಗೆ ಬಂದ ಕಾವೇರಿಯನ್ನು ಮನೆಯವರೂ ನೆರೆಯವರೂ ರೋಗಿಯೆಂದೇ ಕಂಡ ಬಗೆಯನ್ನು ಚಿತ್ರಿಸಿದರು. ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ನಿಜವಾದ ಕಥೆ ಮೊದಲಾಗುತ್ತದೆಂದು ಅವರು ಬಲ್ಲರು. ಆ ಬಾಗಿಲಿನಿಂದ ಹೊರಬಂದು, ಗುಳಿಗೆ ನುಂಗಿ ಕಚೇರಿಗೆ ಹೋಗಿ, ಎಲ್ಲರೊಡನೆ ಪಂಕ್ತಿಯಲ್ಲಿ ಕುಳಿತು ಯಾವುದನ್ನು ಉಣ್ಣಲಿ, ಯಾವುದನ್ನು ಬಿಡಲಿ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುವವನೊಬ್ಬನಿದ್ದಾನೆ. ಅವನ ಕಥೆಯನ್ನು ಕನ್ನಡದಲ್ಲಿ ಬರೆಯುವವರು ಅದಕ್ಕೆ ಸಾವನ್ನಾಗಲಿ ಗುಣವನ್ನಾಗಲಿ ಮುಕ್ತಾಯವಾಗಿ ಹುಡುಕಬೇಕಾಗಿಲ್ಲ. ನಾಳೆಯ ಊಟದವರೆಗೆ ಅವನನ್ನು ಕರೆದೊಯ್ದರೆ ಸಾಕು.