ಜೂಲಿಯೆಟ್‌ಳ ಹಣೆಬರಹ

ಷೇಕ್ಸ್‌ಪಿಯರನ ‘ರೋಮಿಯೋ ಮತ್ತು ಜೂಲಿಯೆಟ್’ ಕಥೆಯನ್ನು ತರಗತಿಯಲ್ಲಿ ಹೇಳಿ ಮುಗಿಸಿದಾಗಲೆಲ್ಲ ಹಿಂದಿನ ಬೆಂಚಿನಿಂದ ಯಾರಾದರೊಬ್ಬಳು, “ಪಾಪ, ಅವಳ ಹಣೇಲಿ ಬರೆದಿದ್ದೇ ಅಷ್ಟು, ಅಲ್ವಾ ಮಿಸ್?” ಎನ್ನುತ್ತಾಳೆ. ಬಹಳ ವರ್ಷ ನಾನೂ “ಹೌದಮ್ಮ” ಎಂದು ಪುಸ್ತಕ ಮುಚ್ಚುತ್ತಿದ್ದೆ. ಈಗ ಹಾಗೆನ್ನಲು ಬಾಯಿ ಬರುವುದಿಲ್ಲ.

ನಾಟಕದ ಮೊದಲಿಗೇ ಸೂತ್ರಧಾರನಂಥವನೊಬ್ಬ ಬಂದು, ಈ ಜೋಡಿಯ ನಕ್ಷತ್ರ ಸರಿಯಿಲ್ಲ, ಇಬ್ಬರೂ ಸಾಯುತ್ತಾರೆ ಎಂದುಬಿಡುತ್ತಾನೆ. ಜಾತಕ ನೋಡಿ ಹೆಣ್ಣು ಕೊಡುವ ನಮಗೆ ಇದು ಹೊಸ ಮಾತೇನಲ್ಲ. ಕೊನೆಯಲ್ಲಿ ಪಾದ್ರಿ ಲಾರೆನ್ಸ್ ಬರೆದ ಕಾಗದ ರೋಮಿಯೋನನ್ನು ತಲುಪುವುದೂ ಇಲ್ಲ. ಒಯ್ಯಬೇಕಾದವನನ್ನು ಪ್ಲೇಗಿನ ಭಯದಿಂದ ಒಂದು ಮನೆಯಲ್ಲಿ ಕೂಡಿಹಾಕಿರುತ್ತಾರೆ. ಇದು ವಿಧಿಯೇ, ಇಲ್ಲವೆನ್ನಲಾರೆ. ಆದರೆ ಎರಡು ಜೀವ ಒಂದು ಕಾಗದಕ್ಕೆ ಜೋತುಬೀಳುವ ಹಾಗೆ ಮಾಡಿದವರು ಯಾರು?

ರೋಮಿಯೋ ಕತ್ತಿ ಹಿರಿದು ಟಿಬಾಲ್ಟನನ್ನು ಕೊಂದದ್ದು ತನ್ನ ಕೈಯಿಂದಲೇ. ಕೊಂದ ಮೇಲೆ ಮಾತ್ರ ಅದೃಷ್ಟವನ್ನು ಬೈಯುತ್ತಾನೆ. ಜೂಲಿಯೆಟ್ ಹಾಗಲ್ಲ. ಹದಿನಾಲ್ಕು ತುಂಬಲು ಇನ್ನೂ ಎರಡು ವಾರದ ಮೇಲಿದೆ. ಆದರೂ ಮದುವೆಯ ಮಾತನ್ನು ಮೊದಲು ಎತ್ತುವವಳು ಅವಳೇ. 42 ಗಂಟೆ ಹೆಣದಂತೆ ಬೀಳಿಸುವ ಔಷಧಿಯನ್ನು ಒಂಟಿಯಾಗಿ ಕುಡಿಯುವವಳೂ ಅವಳೇ. ಷೇಕ್ಸ್‌ಪಿಯರನಿಗೆ ಮೂಲವಾದ ಆರ್ಥರ್ ಬ್ರೂಕನ 1562ರ ಕಾವ್ಯದಲ್ಲಿ ಅವಳಿಗೆ ಹದಿನಾರು, ಕಥೆ ತಿಂಗಳುಗಟ್ಟಲೆ ನಡೆಯುತ್ತದೆ. ಈತ ವಯಸ್ಸನ್ನೂ ಇಳಿಸಿದ, ಕಾಲವನ್ನೂ ಭಾನುವಾರದಿಂದ ಗುರುವಾರಕ್ಕೆ ಬಿಗಿದ. ಆ ಮಗುವಿಗೆ ಯೋಚಿಸಲು ಪುರಸೊತ್ತೇ ಇಲ್ಲ.

ಆ ಪುರಸೊತ್ತನ್ನು ಕಿತ್ತುಕೊಂಡದ್ದು ನಕ್ಷತ್ರಗಳಲ್ಲ. ಪ್ಯಾರಿಸ್ ಎಂಬ ಸಿರಿವಂತನನ್ನು ಮದುವೆಯಾಗು, ಇಲ್ಲವೇ ಬೀದಿಗೆ ಹೋಗು ಎಂದದ್ದು ತಂದೆ. ಗುರುವಾರದ ಮದುವೆಯನ್ನು ಬುಧವಾರಕ್ಕೆ ಎಳೆದದ್ದೂ ಅವನೇ. ಮಗಳು ಅಂಗಲಾಚಿದಾಗ ಮುಖ ತಿರುಗಿಸಿದ್ದು ತಾಯಿ. ಉಳಿದವಳು ಹಾಲೂಡಿಸಿ ಸಾಕಿದ ದಾದಿ. ಗುಟ್ಟಿನ ಮದುವೆಗೆ ಓಡಾಡಿದವಳೇ ಈಗ, ಪ್ಯಾರಿಸನನ್ನೇ ಕಟ್ಟಿಕೋ ಎಂದು ಬುದ್ಧಿ ಹೇಳುತ್ತಾಳೆ. ಆ ಹುಡುಗಿ ಒಂಟಿಯಾಗುವುದು ಅಲ್ಲಿ. ಔಷಧಿ, ಕಾಗದ, ಗೋರಿ ಎಲ್ಲ ಅದರ ಹಿಂದೆಯೇ ಬಂದವು.

1889ರಲ್ಲಿ ಆನಂದರಾಯರು ಇದನ್ನು ‘ರಾಮವರ್ಮ ಲೀಲಾವತಿ’ ಎಂದು ಕನ್ನಡಕ್ಕೆ ತಂದಾಗ, ಸತ್ತ ಪ್ರೇಮಿಗಳನ್ನು ದೈವಕೃಪೆಯಿಂದ ಬದುಕಿಸಿದರು. ನಮ್ಮ ಜನಕ್ಕೆ ದುಃಖಾಂತ ಒಗ್ಗದು ಎಂದಿರಬೇಕು. ನನಗನ್ನಿಸುವುದು ಬೇರೆ: ಮನೆಯವರೊಬ್ಬರು ಮಾಡಬಹುದಾಗಿದ್ದ ಕೆಲಸಕ್ಕೆ ದೇವರೇ ಬರಬೇಕಾಯಿತಲ್ಲ!

ಇಷ್ಟೆಲ್ಲ ಹೇಳುವ ನಾನೇನು ಮಾಡಿದೆ? ಇಪ್ಪತ್ತು ವರ್ಷದ ಹಿಂದೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಮಿಸ್, ಮನೇಲಿ ಮದುವೆ ಗೊತ್ತು ಮಾಡಿದ್ದಾರೆ. ನೀವೊಂದು ಮಾತು ಅಪ್ಪನ ಹತ್ರ ಹೇಳಿ” ಎಂದಳು. ನಾನು ತಿದ್ದುತ್ತಿದ್ದ ಪೇಪರಿನಿಂದ ತಲೆ ಎತ್ತದೆ, “ದೊಡ್ಡೋರು ಒಳ್ಳೇದನ್ನೇ ಮಾಡ್ತಾರೆ ಕಣಮ್ಮ” ಎಂದೆ. ಪರೀಕ್ಷೆಗೆ ಅವಳು ಬರಲಿಲ್ಲ.

ಮೊನ್ನೆ ಸಂತೆಯಲ್ಲಿ ಸಿಕ್ಕಳು. ಕುಶಲ ಕೇಳಿದರೆ, “ನನ್ನ ಹಣೆಬರಹ ಬಿಡಿ ಮಿಸ್” ಎಂದು ನಕ್ಕು, ನನ್ನ ಚೀಲಕ್ಕೆ ಒಂದು ಕಟ್ಟು ಮೆಂತ್ಯ ಸೊಪ್ಪು ಹಾಕಿದಳು. ದುಡ್ಡು ಬೇಡವೆಂದಳು. ಆ ಹಣೆಬರಹದಲ್ಲಿ ನನ್ನ ಅಕ್ಷರವೂ ಇತ್ತೆಂದು ಅವಳಿಗೆ ಹೇಳಲಾಗಲಿಲ್ಲ.

ಈಗ ಹಿಂದಿನ ಬೆಂಚಿನಿಂದ ಆ ಪ್ರಶ್ನೆ ಬಂದರೆ ಪುಸ್ತಕ ಮುಚ್ಚುವುದಿಲ್ಲ. “ಅವಳು ಯಾರ ಹತ್ರ ಹೇಳಿಕೊಳ್ಳಬಹುದಿತ್ತು, ಹೇಳಿ ನೋಡೋಣ” ಎಂದು ಕೇಳಿ, ಗಂಟೆ ಹೊಡೆಯುವವರೆಗೂ ಕಾಯುತ್ತೇನೆ.